ಪ್ರಾಮಾಣಿಕ ಎತ್ತುಗಳು

ಓಟಗಾರನೊಬ್ಬ ಉದ್ದೀಪನ ಮದ್ದು ತೆಗೆದುಕೊಂಡು ಸಿಕ್ಕಿಬಿದ್ದ ಸುದ್ದಿ ಟಿವಿಯಲ್ಲಿ ಬಂದ ದಿನ, ಗುಡಗೇರಿಯ ಚಹಾದಂಗಡಿಯಲ್ಲಿ ನಮ್ಮ ಕಾಕಾನಷ್ಟು ನೊಂದವರು ಯಾರೂ ಇರಲಿಲ್ಲ.

"ದೇಶದ ಮಾನಾ ಕಳದಾನ! ಇಂಥಾವ್ರನ್ನ ಸಾಯೂತನಾ ಮೈದಾನಕ್ಕ ಬಿಡಬಾರ್ದು," ಎಂದು ಮೇಜು ಗುದ್ದಿದ. ಕೂತವರೆಲ್ಲ "ಹೌದ್ರಿ, ಹೌದ್ರಿ" ಎಂದರು.

ಚಹಾ ಮುಗಿಸಿದವನೇ ನನ್ನನ್ನು ಸೀದಾ ಔಷಧಿ ಅಂಗಡಿಗೆ ಕರೆದೊಯ್ದ. ಮರುದಿನ ಕುಬಿಹಾಳದಲ್ಲಿ ಖಾಲಿ ಚಕ್ಕಡಿ ಓಡಿಸುವ ಸ್ಪರ್ಧೆಯಿತ್ತು. ಅವನ ಎತ್ತುಗಳಿಗೆ ಹುರುಪಿನ ಇಂಜೆಕ್ಷನ್ ಬೇಕಿತ್ತು.

"ಕಾಕಾ, ಇದೂ ಅದ ಆಟ ಅಲ್ಲೇನು?" ಎಂದೆ.

"ಹುಚ್ಚ ಅದಿಯೇನಲೇ? ಅಂವ ಮನಷಾ, ತಿಳದ ತಗೊಂಡಾನ. ಎತ್ತಿಗೇನ ಗೊತ್ತೈತಿ ಪಾಪ! ಅದು ಅಗದಿ ಪ್ರಾಮಾಣಿಕ ಓಡ್ತೈತಿ."

ಪ್ರಾಮಾಣಿಕ ಎತ್ತುಗಳು ಗೆದ್ದವು. ಚಹಾದಂಗಡಿಯ ಮಂದಿಯೇ ಕಾಕಾನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಇಂಜೆಕ್ಷನ್ ವಿಷಯ ಅವರಿಗೂ ಗೊತ್ತಿತ್ತು. ಅದು ನಮ್ಮೂರಿನ ಇಂಜೆಕ್ಷನ್ ಆಗಿತ್ತು, ಅಷ್ಟೇ. ಮೈಕು ಹಿಡಿದ ಕಾಕಾ, ಇಂದಿನ ಆಟಗಾರರಿಗೆ ಬೆವರಿನ ಬೆಲೆ ತಿಳಿಯದು ಎಂದು ಮರುಗಿದ. ಜನ ಚಪ್ಪಾಳೆ ತಟ್ಟಿದರು.

ವೇದಿಕೆಯ ಹಿಂದೆ ಎಡಗಡೆಯ ಎತ್ತು ನೊರೆ ಕಾರುತ್ತ ಕಾಲು ಮಡಚಿ ಕುಸಿದಿತ್ತು. ಬಕೆಟ್ಟಿನಲ್ಲಿ ನೀರು ತಂದಿಟ್ಟೆ. ಅದು ಮೂಸಿಯೂ ನೋಡಲಿಲ್ಲ.