ದನಿ ದಾಟಿಸುವ ಭಾವ

ನಮ್ಮ ಭಾವ ಹೊಸ ಯಂತ್ರ ತಂದರೆಂದರೆ ಮನೆಮಂದಿಯ ಹೆಗಲಿಗೆ ಶನಿ ಏರಿದ ಹಾಗೆ. ಸ್ಪೂಲಿನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸಿ.ಡಿ.ಗೆ, ಈಗ ಮೊಬೈಲಿಗೆ, ಅದೇ ಒಂದು ಹಳೆಯ ರೆಕಾರ್ಡಿಂಗನ್ನು ದಾಟಿಸುವುದೇ ಅವರ ಜನ್ಮದ ಕೆಲಸ. ವೈರ್ ಜೋಡಿಸಿ ಎಂದರೆ, "ವೈರಲ್ಲಿ ಹೋದ್ರೆ ದನಿ ಸೊರಗುತ್ತೆ ಕಣಯ್ಯ, ಗಾಳೀಲೇ ಹೋಗ್ಬೇಕು" ಎನ್ನುತ್ತಾರೆ. ಹಾಗಾಗಿ ಎರಡು ಯಂತ್ರಗಳನ್ನು ಎದುರುಬದುರು ಕೂರಿಸಿ, ಫ್ಯಾನ್ ಆರಿಸಿ, ಬಾಗಿಲು ಜಡಿದುಕೊಳ್ಳುತ್ತಾರೆ. ಹೊರಗೆ ನಾವು ಉಸಿರು ಬಿಗಿಹಿಡಿದು ಕೂರಬೇಕು, ಕುಕ್ಕರ್ ಕೂಡ ಕೂಗಕೂಡದು. ಹಿಂದೊಮ್ಮೆ ಬಾಗಿಲಾಚೆಯಿಂದ ನನ್ನ ಕೆಮ್ಮು ಕ್ಯಾಸೆಟ್ಟಿಗೆ ಸೇರಿಹೋಯಿತು. ಮತ್ತೆ ಮಾಡೋಣವೆಂದರೆ ಅಷ್ಟರಲ್ಲಿ ಸ್ಪೂಲಿನ ಟೇಪೇ ತುಂಡಾಗಿತ್ತು. ಇಂದಿಗೂ ನನ್ನನ್ನು ಕಂಡರೆ ಮಾತಿಗೆ ಮೊದಲು ಒಂದು ಲೋಟ ನೀರು ಮುಂದೆ ತಳ್ಳುತ್ತಾರೆ. ಒಳಗಿರುವುದು ಯಾವ ಮಹಾ ಸಂಗೀತವೋ ಎಂದು ನಾನು ಹಲ್ಲು ಕಡಿದುಕೊಂಡೇ ಇದ್ದೆ. ಮೊನ್ನೆ ಕೈ ನಡುಗುತ್ತದೆಂದು ಮೊಬೈಲ್ ಹಿಡಿಯಲು ನನ್ನನ್ನೇ ಒಳಗೆ ಕರೆದರು. ಮೊದಲು ಗೊರಗೊರ ಸದ್ದು, ಆಮೇಲೆ ನನ್ನ ದರಿದ್ರ ಕೆಮ್ಮು, ಅದರ ಹಿಂದೆಯೇ, ತೀರಿಹೋದ ನನ್ನ ಅಕ್ಕನ ರೇಗಿದ ದನಿ: "ಸಾಕು, ಆ ಡಬ್ಬಾನ ಆಫ್ ಮಾಡ್ರೀ, ಊಟ ಆರಿಹೋಗ್ತಿದೆ." ಭಾವ ತಕ್ಷಣ ಆಫ್ ಮಾಡಿ, ಕೈ ತೊಳೆಯಲು ಎದ್ದರು.