ಅವ್ವನ ಕೇಕಿಗೆ ಹಿಟ್ಟು

ಕರ್ನೂಲಿನ ಡಾಕ್ಟರು ಅವ್ವನಿಗೆ ಇನ್ನು ಮೇಲೆ ಗೋಧಿ ಮುಟ್ಟಲೇಬಾರದು ಎಂದಾಗ ನಾನು ಕೇಳಿದ ಮೊದಲ ಪ್ರಶ್ನೆ, ಅದು ನಿಮಗೆ ಹೇಗೆ ಗೊತ್ತು ಎಂಬುದು. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆಂದು ಊರೂರು ತಿರುಗಿದವಳು ನಾನು. ಯಾರೇ ಒಂದು ಮಾತು ಹೇಳಲಿ, ಅದರ ಬುಡ ಅಲ್ಲಾಡಿಸಿ ನೋಡದೆ ಒಪ್ಪುವುದು ನನ್ನಿಂದಾಗುವುದಿಲ್ಲ. ಡಾಕ್ಟರು ಬೇಸರಪಡದೆ ರಕ್ತದ ವರದಿ ತೋರಿಸಿದರು, ಹೊಟ್ಟೆಯೊಳಗೆ ಕೊಳವೆ ಇಳಿಸಿ ತೆಗೆದ ಚಿತ್ರಗಳನ್ನೂ ತೋರಿಸಿದರು. ಕರುಳಿನ ಒಳಗೋಡೆ ಸವೆದಿದೆ, ಉಂಡದ್ದು ಮೈಗೆ ಹತ್ತುತ್ತಿಲ್ಲ, ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದೆ ಇದ್ದದ್ದು ಅದಕ್ಕೇ ಎಂದರು. ಗೋಧಿಯೊಳಗೆ ಗ್ಲುಟೆನ್ ಎಂಬುದೊಂದು ಇರುತ್ತದೆ, ಹಿಟ್ಟು ಕಲಸಿದಾಗ ಎಳೆ ಎಳೆಯಾಗಿ ಹಿಡಿದುಕೊಳ್ಳುತ್ತದಲ್ಲ, ಅದು ಇವರಿಗೆ ಆಗುವುದಿಲ್ಲ.

"ಅಂದ್ರ ಜಿಗಿ ಏನ್ರಿ?" ಅವ್ವ ಕೇಳಿದಳು.

ಡಾಕ್ಟರಿಗೆ ಆ ಮಾತು ತಿಳಿಯಲಿಲ್ಲ. ನನಗೆ ತಿಳಿಯಿತು. ಚಪಾತಿ ಹಿಟ್ಟು ಎಳೆದರೆ ಹರಿಯದೆ ಬರುವುದು ಆ ಜಿಗಿಯಿಂದ. ಬ್ರೆಡ್ಡು ಉಬ್ಬಿ ನಿಲ್ಲುವುದೂ ಅದರಿಂದಲೇ.

ಅವ್ವ ಬ್ರೆಡ್ಡು, ಕೇಕು, ಖಾರದ ಬಿಸ್ಕತ್ತು ಎಲ್ಲ ಮನೆಯಲ್ಲೇ ಸುಡುತ್ತಿದ್ದವಳು. ಮೊದಲು ಅಲ್ಯೂಮಿನಿಯಂ ಬೋಗುಣಿಗೆ ಮರಳು ತುಂಬಿ ಅದರೊಳಗೆ ಕೇಕಿನ ಡಬ್ಬಿ ಇಡುತ್ತಿದ್ದಳು. ಆಮೇಲೆ ಓವನ್ ಬಂತು. ಮೊಟ್ಟೆ ಹಾಕದ ಕೇಕು ಅಂದರೆ ಆದೋನಿಯ ನಮ್ಮ ಓಣಿಯಲ್ಲಿ ನಮ್ಮ ಮನೆಯದೇ. ಲಿಂಗ ಕಟ್ಟಿಕೊಂಡ ಮುದುಕಿಯರೂ ಅದನ್ನು ಅನುಮಾನವಿಲ್ಲದೆ ತಿನ್ನುತ್ತಿದ್ದರು. ನಮ್ಮ ಹತ್ತಿ ಅಂಗಡಿಯ ಲೆಕ್ಕ, ಬಂದು ಹೋಗುವವರ ಊಟ, ಹಬ್ಬಹರಿದಿನ ಇವೆಲ್ಲ ಮನೆಯ ಕೆಲಸ. ಓವನ್ ಮಾತ್ರ ಅವಳದು.

ಊರಿಗೆ ಮರಳುವ ಬಸ್ಸು ಎಮ್ಮಿಗನೂರು ದಾಟಿದ ಮೇಲೆ ಅವ್ವ ಬಾಯಿ ತೆರೆದಳು. "ಆ ಓವನ್ ಯಾರಿಗರ ಕೊಟ್ಟುಬಿಡೂನು."

ಕೊಡಲಿಲ್ಲ. ಅದರ ಮೇಲೆ ಹಳೆಯ ಟವೆಲ್ ಹೊದಿಸಿ, ಈರುಳ್ಳಿ ಬುಟ್ಟಿ ಇಟ್ಟಳು. ಪಥ್ಯ ಹಿಡಿದಳು. ಮಾತು ಕಡಿಮೆಯಾಯಿತು. ಏನು ಬಡಿಸಿದರೂ ಸಾಕು ಎನ್ನುತ್ತಿದ್ದಳು. ಪಕ್ಕದ ಮನೆಯಿಂದ ಯಾರೋ ಬನ್ನು ತಂದುಕೊಟ್ಟ ದಿನ ಅದನ್ನು ಕೈಯಲ್ಲಿ ಹಿಡಿದು ತುಸು ಹೊತ್ತು ಕೂತಿದ್ದು ನೋಡಿದೆ. ಈ ಪಥ್ಯ ಹೀಗೇ ಇದ್ದರೆ ಒಂದು ದಿನ ಬಿಟ್ಟುಬಿಡುತ್ತಾಳೆ, ಬಿಟ್ಟರೆ ಕರುಳು ಪೂರ್ತಿ ಹೋಗುತ್ತದೆ. ಬೇರೆ ಹಿಟ್ಟಿನಲ್ಲಿ ಅವಳ ಕೇಕು ಆಗಬೇಕು, ಆ ಹಿಟ್ಟು ನಮ್ಮ ಕೈಗೆಟುಕುವಂತಿರಬೇಕು. ನಾನು ಮಾಡಬಹುದಾದದ್ದು ಅಷ್ಟೇ ಎಂದುಕೊಂಡೆ. ಉತ್ಸಾಹವೇನೂ ಇರಲಿಲ್ಲ. ಕೆಲಸ ಎಂದು ಹೊರಟೆ.

ಮೊದಲು ಮಾರ್ಕೆಟ್ಟಿನ ದೊಡ್ಡ ಕಿರಾಣಿ ಅಂಗಡಿ.

"ಗೋಧಿ ಇಲ್ಲದ ಹಿಟ್ಟು ಬೇಕ್ರಿ. ಕೇಕ್ ಮಾಡಾಕ."

"ಗೋಧಿ ಬ್ಯಾಡಂದ್ರ ಮೈದಾ ತಗೋರಿ."

"ಮೈದಾ ಯಾವುದ್ರಿಂದ ಮಾಡ್ತಾರ?"

ಅವರು ಅದನ್ನು ಯಾವತ್ತೂ ಯೋಚಿಸಿದಂತಿರಲಿಲ್ಲ. ಒಳಗೆ ಹೋಗಿ ಬಣ್ಣದ ಪೊಟ್ಟಣವೊಂದನ್ನು ತಂದರು. "ಇದು ಆರೋಗ್ಯಕ್ಕ ಭಾಳ ಚಲೋ. ಏಳು ಥರದ ಕಾಳು ಅದಾವ ಇದ್ರಾಗ."

"ಏಳ್ರಾಗ ಮೊದಲ್ನೇದು ಯಾವುದು?"

ಪೊಟ್ಟಣ ತಿರುಗಿಸಿ ಕಣ್ಣಿಗೆ ಹತ್ತಿರ ಹಿಡಿದು ಓದಿದರು. "ಗೋಧಿ," ಎಂದರು. ಆಮೇಲೆ ಸಮಾಧಾನಕ್ಕೆಂಬಂತೆ, "ಉಳಿದವು ಆರು ಅದಾವಲ್ಲಮ್ಮ" ಎಂದರು.

ಔಷಧಿ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯವರ ಬಿಸ್ಕತ್ತು ಕೊಟ್ಟರು. ಅದರಲ್ಲೂ ಮೈದಾ. "ಇಕ್ಕಡ ದೊರಕದಮ್ಮಾ, ಹೈದರಾಬಾದ್‌ಲೋ ಚೂಡಂಡಿ" ಎಂದರು. ಇಲ್ಲಿ ಸಿಗುವುದಿಲ್ಲ, ಹೈದರಾಬಾದಿನಲ್ಲಿ ನೋಡಿ. ಗ್ಲುಟೆನ್ ಇಲ್ಲದ ಹಿಟ್ಟನ್ನು ಅಲ್ಲಿಂದ ಫೋನಿನಲ್ಲಿ ತರಿಸಿದೆ. ಬಂದದ್ದು ಅಂಗೈಯಷ್ಟು ಪೊಟ್ಟಣ. ಅದರ ಬೆಲೆಗೆ ನಮ್ಮಲ್ಲಿ ತಿಂಗಳಿಡೀ ತಿನ್ನುವಷ್ಟು ಜೋಳ ಬರುತ್ತದೆ. ಅವ್ವ ಒಂದು ಕೇಕು ಸುಟ್ಟಳು. ಚೆನ್ನಾಗಿತ್ತು. ಒಂದು ತುಂಡು ತಿಂದು ತಟ್ಟೆ ದೂರ ಸರಿಸಿದಳು.

"ಯಾಕ? ಚಲೋ ಐತಲ್ಲ."

"ಚಲೋ ಐತಿ. ಬೆಲೆ ನೆನಪಾದ್ರ ಗಂಟ್ಲಾಗ ಇಳಿಯವಲ್ದು. ಇನ್ನೊಮ್ಮೆ ತರಿಸಬ್ಯಾಡ."

ಜೀವನಪೂರ್ತಿ ಆ ಪೊಟ್ಟಣ ತರಿಸಲು ನಮ್ಮಿಂದ ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು.

ಜೋಳದ ನಾಡಿನಲ್ಲಿ ಕೂತು ಹೈದರಾಬಾದಿನ ಪೊಟ್ಟಣ ಹುಡುಕಿದ್ದು ಈಗ ಮೂರ್ಖತನ ಎನಿಸುತ್ತದೆ. ಆದರೆ ನಮ್ಮ ಮನೆಯಲ್ಲಿ ಜೋಳ ಅಂದರೆ ರೊಟ್ಟಿ, ಕೇಕು ಅಂದರೆ ಮೈದಾ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಯಾರೂ ನೋಡಿರಲಿಲ್ಲ. ಜೋಳದಲ್ಲಿ ಗ್ಲುಟೆನ್ ಇಲ್ಲ. ಪೆದ್ದಕಡುಬೂರಿನ ಬಿಳಿಜೋಳ ನಮ್ಮ ಮನೆಗೆ ಚೀಲದಲ್ಲೇ ಬರುತ್ತದೆ. ಉಳಿದಿದ್ದು ಬೀಸುವ ಪ್ರಶ್ನೆ.

ನಮ್ಮ ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇದೆ. ಆಸ್ಪರಿ ಕಡೆಯವರೊಬ್ಬರು ನಡೆಸುತ್ತಾರೆ. ಅವರನ್ನು ಎಲ್ಲರೂ ಅಣ್ಣ ಎನ್ನುವುದು. ಒಂದೇ ಕಲ್ಲಿನಲ್ಲಿ ಒಬ್ಬರ ಗೋಧಿ, ಇನ್ನೊಬ್ಬರ ಜೋಳ, ಮತ್ತೊಬ್ಬರ ಕಡಲೆ. ಮೊದಲಿನವರ ಹಿಟ್ಟು ಕಲ್ಲಿನಲ್ಲಿ ಉಳಿದು ನಮ್ಮದರಲ್ಲಿ ಬೆರೆಯುತ್ತದೆ, ಅಷ್ಟು ಬೆರೆತರೂ ಅವ್ವನ ಹೊಟ್ಟೆ ಕೆಡಲು ಸಾಕು. ಹೋಗಿ ನಿಂತು ಪೂರ್ವಪಕ್ಷ, ಉತ್ತರಪಕ್ಷ ಎಲ್ಲ ನಾನೇ ಆಗಿ ವಾದ ಮಂಡಿಸಿದೆ.

"ನಮ್ಮ ಜೋಳ ಹಾಕೂಕಿಂತ ಮೊದ್ಲು ಕಲ್ಲು ಸಾಫ್ ಆಗಿರಬೇಕಣ್ಣ. ಹಿಂದಿನವರದು ಒಂದು ಚಿಟಿಕಿನೂ ಇರಬಾರದು. ಅವ್ವಗ ಆಗಂಗಿಲ್ಲ."

"ಮಡೀನಾ?"

"ಮಡಿ ಅಲ್ಲ, ಹೊಟ್ಟಿ ರೋಗ."

"ಇಷ್ಟು ವರ್ಷ ತಿಂದಾರಲ್ಲ ಇದೇ ಹಿಟ್ಟು?"

"ತಿಂದೇ ಇಷ್ಟಾತು."

ಅಣ್ಣ ನಕ್ಕರು. "ವಕೀಲರ ಮುಂದ ನಾ ಏನ್ ಮಾತಾಡ್ಲಿ. ಆತಮ್ಮ, ಪ್ರತಿಸಲ ಸಾಫ್ ಮಾಡೇ ಹಾಕ್ತೀನಿ. ನಿಮ್ಮ ಅವ್ವನ ಕೈಯಿಂದ ನಾನೂ ಕೇಕ್ ತಿಂದೀನಿ."

ಗೆದ್ದೆ. ಸ್ಪರ್ಧೆಗಳಲ್ಲಿ ಗೆದ್ದಾಗ ಆಗುತ್ತಿದ್ದಂಥದ್ದೇನೂ ಆಗಲಿಲ್ಲ. ಜೋಳದ ಡಬ್ಬಿ ಅಲ್ಲೇ ಇಟ್ಟು ಮನೆಗೆ ಬಂದೆ.

ಜೋಳದ ಕೇಕು ಮೊದಲ ಸಲ ಮರಳಿನಂತೆ ಉದುರಿತು. ಅವ್ವ ಉದುರಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ರೊಟ್ಟಿಗೆ ಎಸರು ಹಾಕದ ತಟ್ಟಿದ್ರ ಹಿಂಗಽ ಆಗತೈತಿ" ಎಂದಳು. ಮರುದಿನ ಅರ್ಧ ಹಿಟ್ಟಿಗೆ ರೊಟ್ಟಿಗೆ ಹಾಕುವಂತೆ ಕುದಿಯುವ ನೀರು ಹಾಕಿ ಮುಚ್ಚಿಟ್ಟಳು. ಆರಿದ ಮೇಲೆ ಉಳಿದ ಹಿಟ್ಟು, ಅಕ್ಕಿಹಿಟ್ಟು, ಮೊಸರು, ಬೆಲ್ಲ ಸೇರಿಸಿ ನಾದಿದಳು. ಓವನ್ನಿನ ಮೇಲಿನ ಈರುಳ್ಳಿ ಬುಟ್ಟಿ ಕೆಳಗೆ ಇಳಿದಿತ್ತು. ಕೇಕು ಹೆಚ್ಚು ಉಬ್ಬಲಿಲ್ಲ, ಆದರೆ ಚಾಕುವಿಗೆ ಹೋಳಾಗಿ ಬಂತು. ಅವ್ವ ಸಂಜೆಯ ಚಹಾದ ಜೊತೆ ಅದನ್ನು ತಿನ್ನತೊಡಗಿದಳು. ತುಂಡು ಬಾಯಿಗಿಟ್ಟು ಕಣ್ಣು ಮುಚ್ಚುವ ಅವಳ ಹಳೆಯ ರೂಢಿ ವಾಪಸು ಬಂತು.

ಹೊಟ್ಟೆ ಮಾತ್ರ ಸರಿಹೋಗಲಿಲ್ಲ.

ಮತ್ತೆ ಉಬ್ಬರ, ಮತ್ತೆ ಭೇದಿ. ರವಿಕೆಗಳು ಇನ್ನೂ ಸಡಿಲವಾದವು. ಮನೆಯಲ್ಲಿ ಗೋಧಿ, ಮೈದಾ, ರವೆ ಇರಲಿಲ್ಲ. ಇಂಗಿಗೂ ಗೋಧಿಹಿಟ್ಟು ಬೆರೆಸುತ್ತಾರೆ ಎಂದು ತಿಳಿದು ಅದನ್ನೂ ಬಿಟ್ಟಿದ್ದೆವು. ಹೊರಗಿನ ಊಟವಿಲ್ಲ. ಅದೇ ಹೊತ್ತಿಗೆ ನಾಗಲದಿನ್ನೆಯಿಂದ ಅತ್ತೆ ಬಂದರು. ಅಪ್ಪನ ಅಕ್ಕ, ಮಾತಿನಲ್ಲಿ ನನಗಿಂತ ಒಂದು ಕೈ ಮೇಲು. ಅವ್ವನ ಮುಂಗೈ ಹಿಡಿದು ನೋಡಿದರು.

"ಚಪಾತಿ ಬಿಟ್ಟು ಕಡ್ಡಿ ಆಗೀಯಲ್ಲ. ಅವ ಡಾಕ್ಟರಂತ, ನೀ ಕೇಳೀಯಂತ. ಬಿಟ್ಟೀಯಲ್ಲ ಗೋಧಿ, ಕಡಿಮೆ ಆತೇನು?"

"ಇಲ್ಲ ಅತ್ತಿಗಿ," ಎಂದಳು ಅವ್ವ.

"ಮತ್ತ? ಗೋಧಿದೇನು ತಪ್ಪು ಅದ್ರಾಗ?" ಆಮೇಲೆ ನನ್ನ ಕಡೆ ತಿರುಗಿದರು. "ಹೇಳವ್ವಾ, ಎಲ್ಲಾದಕ್ಕೂ ಸಾಕ್ಷಿ ಕೇಳಾಕಿ ನೀನು. ಈಗ ಹೇಳು."

ಬಲವಾದ ವಾದವಾಗಿತ್ತು. ಕಾರಣ ತೆಗೆದರೂ ಪರಿಣಾಮ ಉಳಿದರೆ ಅದು ಕಾರಣವಲ್ಲ. ನಾನು ವೇದಿಕೆಯ ಮೇಲೆ ಎಷ್ಟೋ ಸಲ ಇದೇ ಕತ್ತಿಯಿಂದ ಎದುರಾಳಿಗಳನ್ನು ಕತ್ತರಿಸಿದ್ದೆ. ಅತ್ತೆ ಹೇಳಿದ್ದು ಸರಿ ಇರಬಹುದು ಎಂದೆ. ಕರ್ನೂಲಿನ ವರದಿಯೇ ತಪ್ಪಿರಬಹುದು. ಮೊದಲ ದಿನದಿಂದ ನನ್ನೊಳಗಿದ್ದ ಅನುಮಾನ ಅದು.

ಅವ್ವ ನನ್ನ ಮುಖವನ್ನೇ ನೋಡಿದಳು. "ನೀನೂ ಹಂಗಂತಿ?"

"ಲೆಕ್ಕ ಹಂಗ ಬರತೈತಿ ಅವ್ವ."

"ಹಂಗಾದ್ರ ಬಿಡು. ನಾಳೆ ಎರಡು ಡಬ್ಬಿ ಒಯ್ಯಿ. ಒಂದ್ರಾಗ ಅಂಗಡಿಯಿಂದ ಗೋಧಿ ತರಿಸಿ ಹಾಕಿಕೊಡ್ತೀನಿ. ಎಲ್ಲಾರು ತಿನ್ನೋದು ತಿಂದು ಆದಂಗ ಆಗಲಿ."

ಕೋಪವಿರಲಿಲ್ಲ ಆ ದನಿಯಲ್ಲಿ. ದಣಿದಿದ್ದಳು ಅಷ್ಟೇ. ನಾನೂ ದಣಿದಿದ್ದೆ. ಸರಿ ಎಂದೆ.

ಮರುದಿನ ಗೋಧಿಯದೊಂದು, ಜೋಳದ್ದೊಂದು ಡಬ್ಬಿ ಹಿಡಿದು ಗಿರಣಿಗೆ ಹೋದೆ. ಅದುವರೆಗೆ ಡಬ್ಬಿ ಇಟ್ಟು ಬಂದು ಆಮೇಲೆ ಹೋಗಿ ತರುತ್ತಿದ್ದೆ. ಅವತ್ತು ಮನೆಯಲ್ಲಿ ಅತ್ತೆಯ ಮಾತು ಕೇಳುವ ಮನಸ್ಸಿಲ್ಲದೆ ಅಲ್ಲೇ ಬೆಂಚಿನ ಮೇಲೆ ಕೂತೆ. ನಮಗಿಂತ ಮುಂಚೆ ಯಾರದೋ ಕಡಲೆ ನಡೆದಿತ್ತು. ಅದು ಮುಗಿಯಿತು. ಅಣ್ಣ ನಮ್ಮ ಜೋಳದ ಡಬ್ಬಿ ಪಕ್ಕಕ್ಕೆ ಎಳೆದುಕೊಂಡರು. ಮುಚ್ಚಳ ತೆಗೆಯಲಿಲ್ಲ. ಗೋಡೆಗೆ ಒರಗಿಸಿದ್ದ ತಮ್ಮ ಚೀಲದಿಂದ ಒಂದು ಬೊಗಸೆ ಕಾಳು ಕಲ್ಲಿನ ಮೇಲಿನ ಗಲ್ಲೆಯ ಬಾಯಿಗೆ ಸುರಿದು ಕಲ್ಲು ಓಡಿಸಿದರು. ಕೆಳಗೆ ಬಿದ್ದ ಹಿಟ್ಟನ್ನು ಬೇರೆ ಬುಟ್ಟಿಗೆ ಬಳಿದರು. ಆಮೇಲೆ ನಮ್ಮ ಜೋಳಕ್ಕೆ ಕೈ ಹಾಕಿದರು.

"ಅಣ್ಣ, ಈಗ ಹಾಕಿದ್ದು ಏನು?"

"ಕಲ್ಲು ಸಾಫ್ ಮಾಡಿದೆ. ನೀವಽ ಹೇಳೀರಲ್ಲ. ಯಾವ ಸಲಾನೂ ತಪ್ಪಿಸಿಲ್ಲ."

"ಯಾವ ಕಾಳು ಅದು?"

"ಗೋಧಿ."

ಮೋಟಾರು ಓಡುತ್ತಿತ್ತು. ನಾನು ಎದ್ದು ಹೋಗಿ ಗುಂಡಿ ಒತ್ತಿ ನಿಲ್ಲಿಸಿದೆ. ಅಣ್ಣನಿಗೆ ಆಶ್ಚರ್ಯವಾಯಿತು. "ಗೋಧಿ ಬಿಟ್ರ ಕಲ್ಲು ಯಾವುದ್ರಿಂದ ಸಾಫ್ ಆಗತೈತಿ ಹೇಳ್ರಿ? ಅದಕ್ಕ ಜಿಗಿ ಐತಿ. ಮೂಲ್ಯಾಗ ಇದ್ದದ್ದೆಲ್ಲ ಹಿಡ್ಕೊಂಡು ಬರತೈತಿ. ಖಾರ ಬೀಸಿದ ಮ್ಯಾಲೂ ನಾವು ಗೋಧೀನಽ ಓಡಿಸೋದು. ನಮ್ಮ ಮನಿ ಗೋಧಿ ಹಾಕೀನಮ್ಮ, ನಿಮ್ಮದ್ರಾಗ ಒಂದು ಕಾಳೂ ತಗೊಂಡಿಲ್ಲ."

"ಗೋಧೀನಽ ಆಗಂಗಿಲ್ಲಣ್ಣ ಅವ್ವಗ."

"ನೀವು ಹಿಂದಿನವರದು ಇರಬಾರದು ಅಂದ್ರಿ. ಗೋಧಿ ಅಂತ ಹೇಳಿಲ್ಲಲ್ಲ."

ಹೇಳಿರಲಿಲ್ಲ. ಅಷ್ಟುದ್ದ ವಾದದಲ್ಲಿ ಆ ಒಂದು ಪದ ಇರಲಿಲ್ಲ. ಇಷ್ಟು ದಿನ ಅವ್ವನ ಪ್ರತಿ ಡಬ್ಬಿಯ ಮುಂದೆ ಒಂದು ಬೊಗಸೆ ಗೋಧಿ ಓಡಿತ್ತು, ಬೇರೆ ಯಾರ ಡಬ್ಬಿಗೂ ಇಲ್ಲದ್ದು, ಅವರ ಸ್ವಂತ ಖರ್ಚಿನಲ್ಲಿ. ಅಣ್ಣ ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಬಯ್ಯಬೇಕು ಅಥವಾ ಅಳಬೇಕು ಎಂದು ಒಂದು ಕ್ಷಣ ಹುಡುಕಿದೆ. ಎರಡೂ ಸಿಗಲಿಲ್ಲ. ಎರಡು ಡಬ್ಬಿಗಳನ್ನೂ ಬೀಸಿಸದೆ ವಾಪಸು ತಂದೆ.

ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿ ಇಟ್ಟು ನಡೆದದ್ದು ಹೇಳಿದೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಮೈ ತೊಳಿ ಅಂದ್ರ ಕೆಸರು ಹಚ್ಚಿದಂಗ ಆತು," ಎಂದರು. ಅವ್ವ ನಗಲಿಲ್ಲ. ಹಳೆಯ ಜೋಳದ ಹಿಟ್ಟೆಲ್ಲ ಬಕೆಟ್ಟಿಗೆ ಸುರಿದು ಪಕ್ಕದ ಮನೆಯ ಎಮ್ಮೆಗೆ ಕೊಟ್ಟು ಬಂದಳು. ಗೋಧಿಯ ಡಬ್ಬಿ ಅತ್ತೆಯ ಚೀಲದ ಪಕ್ಕ ಇಟ್ಟಳು. "ಹೋಗಾಗ ಒಯ್ಯಿರಿ ಅತ್ತಿಗಿ." ನನಗೆ ಹೇಳಿದ್ದು ಇಷ್ಟೇ: "ಈ ಸಲ ಗಿರಣಿಗೆ ನಾನೂ ಬರ್ತೀನಿ."

ಗಿರಣಿಯವರು ಆಗಾಗ ಕಲ್ಲು ಬಿಚ್ಚಿ ಉಳಿಯಿಂದ ಹಲ್ಲು ಮೂಡಿಸುತ್ತಾರೆ. ಅವತ್ತು ಎರಡು ಕಲ್ಲಿನ ಮುಖವೂ ಗುಡಿಸಿ ಒರೆಸಿ ಬರಿದಾಗಿರುತ್ತದೆ. ಆ ದಿನ ಮೊದಲ ಪಾಳಿ ನಮ್ಮದು ಎಂದು ಅಣ್ಣನೇ ಹೇಳಿಕಳಿಸಿದರು. ಅವ್ವ ಕೈಕಟ್ಟಿ ಕಲ್ಲಿನ ಪಕ್ಕ ನಿಂತಳು. ಗಲ್ಲೆ, ಹಿಟ್ಟು ಬೀಳುವ ಜೋಳಿಗೆಯ ಬಟ್ಟೆ ಎಲ್ಲ ಅವಳ ಮುಂದೆಯೇ ಕೊಡವಿಸಿದಳು. ಮೊದಲು ನಮ್ಮದೇ ಜೋಳ ಒಂದಿಷ್ಟು ಓಡಿಸಿ, ಕಲ್ಲಿನ ಪುಡಿ ಬೆರೆತ ಆ ಹಿಟ್ಟನ್ನು ಚೆಲ್ಲಿಸಿದಳು. ಆಮೇಲೆ ಡಬ್ಬಿ. ಜೋಳದ ಹಿಟ್ಟು ಹಳೆಯದಾದರೆ ಕಲಸಿದರೂ ಕೂಡಿಕೊಳ್ಳುವುದಿಲ್ಲ, ಹೆಚ್ಚು ಬೀಸಿಟ್ಟುಕೊಳ್ಳಲು ಆಗುವುದಿಲ್ಲ. ಮುಂದೆ ಕಲ್ಲು ಬಿಚ್ಚುವವರೆಗೆ ಹಿಟ್ಟು ಸಾಲದೆ ಹೋದರೆ ಕೇಕು ಇಲ್ಲ, ಅನ್ನ ಉಣ್ಣುವುದು ಎಂದು ಅವ್ವ ತಾನೇ ತೀರ್ಮಾನಿಸಿದಳು.

ಆ ಸಂಜೆ ಕೇಕು ಸುಟ್ಟಳು. ಬದಿಯಲ್ಲಿ ಸ್ವಲ್ಪ ಸೀಳಿತ್ತು. ಚಹಾ ಬಸಿದು ನನ್ನೆದುರು ಕೂತಳು.

"ಈಗ ಏನಂತಿ? ಡಾಕ್ಟರು ಹೇಳಿದ್ದು ಖರೇನಽ?"

"ಗೊತ್ತಿಲ್ಲ ಅವ್ವ. ಇನ್ನೂ ಗೊತ್ತಾಗಿಲ್ಲ. ನೋಡಬೇಕು."

"ನೋಡ್ಕೊಂತ ಇರು," ಎಂದಳು ಅವ್ವ, ಸೀಳಿದ ಬದಿಯ ತುಂಡನ್ನು ತನ್ನ ತಟ್ಟೆಗೆ ಹಾಕಿಕೊಳ್ಳುತ್ತ. "ನಾ ಇದನ್ನಽ ತಿಂತೀನಿ."