ಅಕ್ಕ ಬಂತು

ಇಂಥ ಅನುಭವಗಳನ್ನು ಹೇಳಿಕೊಳ್ಳುವವರು ಎದುರಾದರೆ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದ ಮನುಷ್ಯ ನಾನು. ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನನ್ನ ಕೆಲಸವೇ ಯಂತ್ರಗಳಿಂದ ಬರುವ ಸಂಕೇತಗಳಲ್ಲಿ ಯಾವುದು ನಿಜವಾದ ಸುದ್ದಿ, ಯಾವುದು ಬರೀ ಗದ್ದಲ ಎಂದು ಬೇರ್ಪಡಿಸುವುದು. ಗದ್ದಲದಲ್ಲಿ ಅರ್ಥ ಹುಡುಕುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ. ನಂಬಿಸುವಷ್ಟು ತ್ರಾಣವೂ ನನ್ನಲ್ಲಿ ಉಳಿದಿಲ್ಲ.

ಊರಿನ ಸ್ಯಾಟಲೈಟ್ ಎಂಬ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಹಿಂದೆ ಒಂದು ಜೋಡಿ ಹಳೆಯ ಕಂಪ್ಯೂಟರ್ ಸ್ಪೀಕರುಗಳಿದ್ದವು. ಹಸಿರು ಪಿನ್ನಿನ, ತೆಳು ವಯರಿನವು. ಅಂಥ ಅನಲಾಗ್ ವಯರಿನಲ್ಲಿ ಸದ್ದು ಅಲೆಯಾಗಿಯೇ ಹರಿಯುತ್ತದೆ. ದಾರಿಯಲ್ಲಿ ಬೇರೆ ಯಾವ ಅಲೆ ತಾಕಿದರೂ ಅದನ್ನೂ ಕರೆದುಕೊಂಡು ಬರುತ್ತದೆ. ತನ್ನದು ಯಾವುದು, ಹೊರಗಿನದು ಯಾವುದು ಎಂಬ ಭೇದ ಸ್ಪೀಕರಿಗೆ ಗೊತ್ತಿಲ್ಲ, ಎಲ್ಲವನ್ನೂ ನುಡಿಸಿಬಿಡುತ್ತದೆ. ಹಾಗಾಗಿ ಆಗಿನ ಮೊಬೈಲು ಪಕ್ಕದಲ್ಲಿದ್ದರೆ, ರಿಂಗಾಗುವ ತುಸು ಮುಂಚೆ ಸ್ಪೀಕರಿನಲ್ಲಿ ‘ಟಿಡಿಕ್ ಟಿಡಿಕ್ ಟಿಡಿಕ್, ಗುಂಯ್’ ಎಂದು ಬರುತ್ತಿತ್ತು. ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ.

ನಮ್ಮ ಮನೆಗೆ ಹೆಚ್ಚಾಗಿ ಫೋನು ಮಾಡುತ್ತಿದ್ದವಳು ವಡೋದರಾದಲ್ಲಿದ್ದ ನನ್ನ ಅಕ್ಕ. ಭಾವ ಅಲ್ಲೇ ಪಕ್ಕದ ಕೊಯಾಲಿಯಲ್ಲಿ ತೈಲ ರಿಫೈನರಿ ಕೆಲಸದಲ್ಲಿದ್ದವರು. ಅವರು ತೀರಿಕೊಂಡ ಮೇಲೂ ಅಕ್ಕ ನಮ್ಮೂರು ಧಾರವಾಡಕ್ಕೆ ಮರಳಲಿಲ್ಲ, ಅಲ್ಲೇ ಒಂದು ವಸತಿ ಸೊಸೈಟಿಯಲ್ಲಿ ಒಬ್ಬಳೇ ಉಳಿದಳು. ಮಕ್ಕಳಿರಲಿಲ್ಲ. ಭಾನುವಾರ ಊಟವಾದ ಮೇಲೆ ಅವಳ ಫೋನು. ಸ್ಪೀಕರು ಟಿಡಿಕ್ ಎಂದ ಕೂಡಲೇ ನಾನು “ಅಕ್ಕ ಬಂದ್ಲು ನೋಡು” ಎನ್ನುತ್ತಿದ್ದೆ.

ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳಿಗೆ ಕನ್ನಡ ಅಷ್ಟಕ್ಕಷ್ಟೇ. ನನ್ನ ಅಕ್ಕನನ್ನು ಅವಳು ಕರೆಯುತ್ತಿದ್ದದ್ದು ‘ಅತ್ತಿ’ ಎಂದು. ಹೀಗಾಗಿ ‘ಅಕ್ಕ’ ಎಂದರೆ ಆ ಸದ್ದಿಗೆ ಕನ್ನಡದಲ್ಲಿರುವ ಹೆಸರು ಎಂದು ತಿಳಿದುಕೊಂಡಳು. ವಿಮೆ ಏಜೆಂಟನ ಫೋನು ಬರುವಾಗಲೂ ಒಳಗಿನಿಂದ “ಪಪ್ಪಾ, ಅಕ್ಕ ಬಂತು” ಎಂದು ಕೂಗುತ್ತಿದ್ದಳು. ಇದನ್ನು ಕೇಳಿ ಅಕ್ಕ ನಕ್ಕದ್ದೇ ನಕ್ಕದ್ದು. “ನಿನ್ನ ಮಗಳು ನನ್ನ ನಪುಂಸಕಲಿಂಗ ಮಾಡಿಟ್ಟಾಳಲ್ಲೋ” ಎಂದಳು. ನಾವ್ಯಾರೂ ತಿದ್ದಲಿಲ್ಲ. ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ, ಟಿವಿ ಗೊರಗುಟ್ಟಿದರೆ ಸಾಕು, ಅವಳಿಗೆ ಅದು ಅಕ್ಕವೇ.

ಸೂರತ್ತಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ವಾರಕ್ಕೊಮ್ಮೆ ಮನೆಗೆ ಬರುವ ನನ್ನ ಹೆಂಡತಿಗೆ ಒಂದು ದಿನ ಆ ಗದ್ದಲ ಸಾಕಾಗಿ, ಯುಎಸ್‌ಬಿ ಸ್ಪೀಕರು ತಂದಿಟ್ಟಳು. ಇದು ಡಿಜಿಟಲ್. ವಯರಿನಲ್ಲಿ ಹೋಗುವುದು ಬರೀ ಅಂಕಿಗಳು, ಸ್ಪೀಕರಿನ ಒಳಗೆ ಹೋದ ಮೇಲೆ ಅವು ಮತ್ತೆ ಸದ್ದಾಗುತ್ತವೆ. ಹೊರಗಿನ ಅಲೆ ತಾಕಿದರೆ ಹಾಡು ತುಂಡಾಗಬಹುದು, ಆದರೆ ಆ ಅಲೆಯೇ ಲಯವಾಗಿ ಕೇಳಿಸುವುದಿಲ್ಲ. ಮೊಬೈಲುಗಳೂ ಬದಲಾದವು, ಈಗಿನವು ಹಾಗೆ ಟಿಡಿಕ್ ಎನ್ನುವುದಿಲ್ಲ. “ಇನ್ನ ನಾ ಬರೂದು ನಿಮಗ ಮೊದಲ ಗೊತ್ತಾಗೂದಿಲ್ಲ ಹಂಗಾದ್ರ” ಎಂದು ಅಕ್ಕ ಬೇಸರ ಮಾಡಿಕೊಂಡಿದ್ದಳು.

ಮುಂದೆ ಅವಳು ಹಾಸಿಗೆ ಹಿಡಿದಳು. ವಡೋದರಾದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ನನ್ನ ಓಡಾಟ ಶುರುವಾಯಿತು. ಆಫೀಸು ಮುಗಿಸಿ ಎಕ್ಸ್‌ಪ್ರೆಸ್‌ವೇ ಹತ್ತಿರ ನಿಂತು ಸಿಕ್ಕ ಬಸ್ಸು ಹತ್ತುವುದು, ಆಸ್ಪತ್ರೆಯ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುವುದು, ಮತ್ತೆ ಬಸ್ಸು. ನಾನಿಲ್ಲದಾಗ ಅಕ್ಕನ ಪಕ್ಕದ ಮನೆಯ ಜ್ಯೋತ್ಸ್ನಾಬೆನ್ ಬಂದು ಕೂರುತ್ತಿದ್ದರು. ಸ್ವಂತ ತಂಗಿಯಂತೆ ನೋಡಿಕೊಂಡರು. ಆದರೂ ಅಕ್ಕ ನನ್ನ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದಳು: “ನಾ ಹೋಗೋ ಮುಂದ ನೀ ಬಾಜೂಕ ಇರಬೇಕು ನೋಡಪಾ. ಜ್ಯೋತ್ಸ್ನಾಬೆನ್ ಛಲೋದಾರ, ಖರೆ. ಆದ್ರ ಗುಜರಾತಿಯೊಳಗ ಸಾಯಲಿಕ್ಕಾಗೂದಿಲ್ಲ ನನಗ.”

ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆದರೆ ದಣಿವು ಕೆಟ್ಟದ್ದು. ಅದು ಪ್ರೀತಿಯನ್ನು ಕಡಿಮೆ ಮಾಡುವುದಿಲ್ಲ, ಪ್ರೀತಿ ಇದೆ ಎಂಬುದನ್ನೇ ಮರೆಸಿಬಿಡುತ್ತದೆ. ಆ ಶನಿವಾರ ಡಾಕ್ಟರು ಸದ್ಯಕ್ಕೆ ಗಾಬರಿಯಿಲ್ಲ, ಹೋಗಿ ಎರಡು ದಿನ ಮಲಗಿ ಎಂದರು. ನನಗೆ ಅಷ್ಟೇ ಬೇಕಿತ್ತು. ದಾರಿಯಲ್ಲೇ ಮೊಬೈಲು ಸತ್ತಿತ್ತು. ಮನೆಗೆ ಬಂದವನು ಅದನ್ನು ಒಳಕೋಣೆಯಲ್ಲಿ ಚಾರ್ಜಿಗೆ ಹಾಕಿದೆ, ಆನ್ ಮಾಡಲಿಲ್ಲ. ಹಾಲಿನ ದಿವಾನದ ಮೇಲೆ ಬಿದ್ದುಕೊಂಡೆ. ಹೆಂಡತಿ ಇನ್ನೂ ಬಂದಿರಲಿಲ್ಲ. ಮಗಳು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದಳು, ಆ ಯುಎಸ್‌ಬಿ ಸ್ಪೀಕರು ಜೋಡಿಸಿದ್ದ ಅವಳ ಕಂಪ್ಯೂಟರು ಮೂಲೆಯಲ್ಲಿ ಸುಮ್ಮನೆ ಆನ್ ಆಗಿತ್ತು. ಮಧ್ಯಾಹ್ನದ ಬಿಸಿಲು ಪರದೆಯ ಮೇಲಿತ್ತು.

ಟಿಡಿಕ್ ಟಿಡಿಕ್ ಟಿಡಿಕ್, ಗುಂಯ್.

ಅದೇ ಲಯ, ಅದೇ ಎಳೆತ. ಅರೆನಿದ್ದೆಯಲ್ಲೇ ನನ್ನ ಬುದ್ಧಿ ಲೆಕ್ಕ ಹಾಕಿತು: ಹಳೆಯ ಸ್ಪೀಕರು ಮನೆಯಲ್ಲೇ ಇಲ್ಲ, ಇದು ಡಿಜಿಟಲ್, ಫೋನು ಸತ್ತಿದೆ, ಕನಸು ಇದು. ಮಗ್ಗುಲು ಬದಲಿಸಿದೆ. ಮತ್ತೆ ಅದೇ ಸದ್ದು. ಆಗ ಅಡುಗೆಮನೆಯಿಂದ ಮಗಳ ದನಿ ಬಂತು: “ಪಪ್ಪಾ, ಅಕ್ಕ ಬಂದ್ಲು.”

ಎದ್ದು ಕೂತೆ. ಚಹಾ ಕುಡಿಯಲಿಲ್ಲ. ಎಲ್ಲಿಗೆ ಎಂದು ಮಗಳು ಕೇಳಿದಾಗ ಸರಿಯಾಗಿ ಉತ್ತರಿಸಿದೆನೋ ಇಲ್ಲವೋ ನೆನಪಿಲ್ಲ. ಚಪ್ಪಲಿ ಮೆಟ್ಟಿ ಆಟೋ ಹಿಡಿದೆ, ಬಸ್ಸು ಹತ್ತಿದೆ.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಜ್ಯೋತ್ಸ್ನಾಬೆನ್ ಬಾಗಿಲಲ್ಲೇ ನಿಂತಿದ್ದರು, ಕಣ್ಣು ಕೆಂಪಾಗಿದ್ದವು. ಮಧ್ಯಾಹ್ನದಿಂದ ಉಸಿರು ಕೆಟ್ಟಿತ್ತಂತೆ. ನೀವು ಎಷ್ಟು ಹೊತ್ತಿಗೆ ಫೋನು ಮಾಡಿದಿರಿ ಎಂದು ಕೇಳಿದೆ. “ಮೈನೆ ಕಹಾಂ ಕಿಯಾ, ಭಾಯ್? ಇನ್ಕಾ ಹಾಥ್ ಛೋಡ್ ಕೇ ಉಠೀ ಹೀ ನಹೀಂ” ಎಂದರು. ಫೋನು ಮಾಡುವುದಿರಲಿ, ಅಕ್ಕನ ಕೈ ಬಿಟ್ಟು ಎದ್ದೇ ಇರಲಿಲ್ಲವಂತೆ. ಆಸ್ಪತ್ರೆಯವರೂ ಮಾಡಿರಲಿಲ್ಲ. ಅಕ್ಕನ ಮೊಬೈಲು ಅವಳ ಮನೆಯ ಕಪಾಟಿನಲ್ಲಿತ್ತು.

ಅಕ್ಕ ಕಣ್ಣು ಬಿಟ್ಟಳು. ನನ್ನನ್ನು ಗುರುತಿಸಿದಳು. “ಕೇಳಿಸ್ತೇನೋ?” ಎಂದಳು. ಏನು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. “ಕೇಳಿಸ್ತಕ್ಕ” ಎಂದೆ. ಬಾಯಿಗೆ ನೀರು ಬಿಟ್ಟೆ. ಅಕ್ಕ ಮಾತಾಡಿದ್ದು ಬಹಳ ಕಡಿಮೆ. ಕಾಲು ತಣ್ಣಗಾಗ್ಯಾವ ಎಂದಳು, ಹೊದಿಸು ಎಂದಳು, ನೀ ಊಟಾ ಮಾಡೀಯೇನು ಎಂದಳು. ಮಾಡಿದ್ದೇನೆ ಎಂದು ಸುಳ್ಳು ಹೇಳಿದೆ. ಬೆಳಕು ಹರಿದ ಮೇಲೆ ಹೋದಳು. ಕೊನೆಯ ಮಾತು ಕನ್ನಡದಲ್ಲೇ ಆಯಿತು.

ಆಮೇಲೆ ನಾನು ಈ ಸದ್ದಿನ ಬೆನ್ನು ಬಿದ್ದೆ, ಅದು ನನ್ನ ಕಸುಬು. ಡಿಜಿಟಲ್ ಎಂದರೂ ಕಿವಿಗೆ ಅಂಕಿ ಕೇಳಿಸುವುದಿಲ್ಲ, ಅಲೆಯೇ ಬೇಕು. ಆದ್ದರಿಂದ ಎಂಥ ಸ್ಪೀಕರಿನಲ್ಲೂ ಕೊನೆಯ ಒಂದು ಗೇಣು ಅನಲಾಗೇ. ಆ ಒಂದು ಗೇಣಿಗೆ ಕೆಳಮನೆಯವರ ಯಾವುದೋ ಹಳೆಯ ಮೊಬೈಲಿನ ಅಲೆ ತಾಕಿರಬಹುದು. ಅಸಾಧ್ಯವಲ್ಲ. ಹಳೆಯ ಮೊಬೈಲು ಎರವಲು ತಂದು ಅದೇ ಸ್ಪೀಕರಿನ ಪಕ್ಕ, ಮೇಲೆ, ಹಿಂದೆ ಇಟ್ಟು ನೋಡಿದೆ. ಸ್ಪೀಕರು ಸುಮ್ಮನಿತ್ತು. ಅದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದೂ ನನಗೆ ಗೊತ್ತು.

ಮಗಳನ್ನೂ ಕೇಳಿದೆ. ಸದ್ದು ಕೇಳಿಸಿದ್ದು ನಿಜ ಎಂದಳು. ಆದರೆ ತಾನು ‘ಬಂದ್ಲು’ ಎನ್ನಲೇ ಇಲ್ಲವಂತೆ. “ಯಾವಾಗ್ಲೂ ಹೇಳೋದೇ ಹೇಳಿದೆ ಪಪ್ಪಾ, ಅಕ್ಕ ಬಂತು ಅಂತ. ಸೌಂಡ್‌ಗೆ ಬಂದ್ಲು ಅಂತ ಯಾಕೆ ಅನ್ಲಿ?” ಎಂದಳು. ಅವಳು ಸುಳ್ಳು ಹೇಳುವವಳಲ್ಲ. ನನ್ನ ಕಿವಿಯೂ ಅಷ್ಟು ಕೆಟ್ಟಿಲ್ಲ.

ಸದ್ದಿನ ವಿಷಯ ಹೇಗಾದರೂ ಇರಲಿ, ಅದಕ್ಕೊಂದು ವಿವರಣೆ ಯಾರಾದರೂ ಕೊಟ್ಟಾರು. ನನಗೆ ತಿಳಿಯದಿರುವುದು ಆ ‘ಬಂದ್ಲು’ ಎಂಬ ಒಂದು ಮಾತು. ಅವತ್ತು ನನ್ನ ಕಿವಿಗೆ ಮಗಳು ಹೇಳುವಂತೆ ‘ಬಂತು’ ಎಂದು ಬಿದ್ದಿದ್ದರೆ, ನಾನು ಏಳುತ್ತಿರಲಿಲ್ಲ. ಮಲಗಿಯೇ ಇರುತ್ತಿದ್ದೆ.